ಇಪ್ಪತ್ತೊಂದು ರೊಟ್ಟಿ

ಗುಡ್ಡವ್ವ ಬಾನಿಯೊಳಗಿನ ಕಾಗದದ ಎಳೆಗಳ ಮೇಲೆ ಮೂರನೆಯ ಕೊಡ ನೀರು ಸುರಿದಳು. ಸುಟ್ಟವು ಬೂದಿಯಾಗಿದ್ದವು. ಸುಡದವು ಬೂದಿಯೊಳಗೆ ಬಿಳಿಬಿಳಿಯಾಗಿ ಅಡಗಿದ್ದವು. ಎರಡೂ ಕೈಗಳನ್ನು ಮೊಣಕೈತನಕ ಇಳಿಸಿ ಕಲಸತೊಡಗಿದಳು. ಒಂದಕ್ಷರವೂ ಉಳಿಯಬಾರದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಾಗೆ ಹೇಳಿದ್ದರು. ಮೇಲಿನ ಕೋಣೆಯ ಯಂತ್ರ ಕಾಗದವನ್ನು ಶಾವಿಗೆಯ ಹಾಗೆ ಕತ್ತರಿಸುತ್ತದೆ. ಅದನ್ನು ಸುಟ್ಟು, ನೀರು ಹಾಕಿ, ಸಗಣಿಯ ಹದಕ್ಕೆ ಕಲಸಿ, ಹಿತ್ತಲ ಗುಂಡಿಗೆ ಸುರಿಯುವುದು ಅವಳ ಪಾಲಿನದು. ಹನ್ನೊಂದು ವರ್ಷದಿಂದ ಕಲಸುತ್ತಿದ್ದಾಳೆ. ಉಗುರಿನ ಸಂದಿಯ ಕಪ್ಪು ಈಗ ತೊಳೆದರೂ ಹೋಗುವುದಿಲ್ಲ.

ರೋಣದ ಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಹಡಿ ಅದು. ಬಾಗಿಲಿಗೆ ಬೋರ್ಡಿಲ್ಲ. ಕೆಳಗಿನವರು ಅದನ್ನು ಸರ್ವೇ ಆಫೀಸು ಎಂದು ತಿಳಿದಿದ್ದಾರೆ. ಗುಡ್ಡವ್ವನೂ ತನ್ನ ಕೇರಿಯಲ್ಲಿ ಹಾಗೆಯೇ ಹೇಳಿದ್ದಾಳೆ. ಹಾಗೆ ಹೇಳಬೇಕೆಂದು ಒಂದು ಕಾಗದದ ಮೇಲೆ ಸಹಿ ಮಾಡಿಸಿಕೊಂಡಿದ್ದರು. ಇಲ್ಲಿ ಕಂಡದ್ದು, ಕೇಳಿದ್ದು ಹೊರಗೆ ಹೋದರೆ ಜೈಲು ಎಂದು ಓದಿ ಹೇಳಿದ್ದರು. ಮೇಲಿನ ಮೂರು ಕೋಣೆಗಳಲ್ಲಿ ಇದ್ದವರು ಸುದ್ದಿ ಕೂಡಿಸಿ ಸರಕಾರಕ್ಕೆ ಕಳಿಸುವವರು. ಯಾವ ಊರಲ್ಲಿ ಯಾರು ಗುಂಪು ಕೂಡುತ್ತಾರೆ, ಯಾರ ಮಾತಿಗೆ ಮಂದಿ ಎದ್ದು ಬರುತ್ತಾರೆ. ಅದು ಗುಪ್ತ ಕೆಲಸ. ಅವರು ಬೂಟು ಬಿಟ್ಟ ಜಾಗ ಒರೆಸುವುದು, ನಾಲ್ಕು ಹೊತ್ತು ಚಹಾ ಕಾಸುವುದು, ಎರಡು ಪಾಯಖಾನೆ ತೊಳೆಯುವುದು ಗುಪ್ತ ಅಲ್ಲ. ಆದರೂ ಅದನ್ನು ಮಾಡುವವಳ ಹೆಸರು ಆ ಆಫೀಸಿನ ಯಾವ ಪುಸ್ತಕದಲ್ಲೂ ಇಲ್ಲ. ಅವಳು ಗುತ್ತಿಗೆದಾರನ ಆಳು. ಜೀಪು ಓಡಿಸುವ ಅಲ್ತಾಫನೂ ಹಾಗೆ. ಕಂಪ್ಯೂಟರಿನ ಮುಂದೆ ಕೂಡುವ ಗಜೇಂದ್ರಗಡದ ಹುಡುಗಿ ಸುಧಾರಾಣಿಯೂ ಹಾಗೆ.

"ನಾವು ಈ ಆಫೀಸಿನ ಚಪ್ಪಲಿ ಅದೀವವ್ವಾ," ಎಂದು ಅಲ್ತಾಫ ಹೇಳುತ್ತಿದ್ದ. "ಒಳಗ ಬಿಟ್ಕೊಳ್ಳಂಗಿಲ್ಲ. ನಾವಿಲ್ದ ನಡಿಯಾಕೂ ಬರಂಗಿಲ್ಲ."

ಬಾನಿ ಬರಿದು ಮಾಡಿ ಕೈ ತೊಳೆಯುವಾಗ ಮೇಲಿನ ಕಿಟಕಿಯಿಂದ ಸಾಹೇಬರ ದನಿ ಬಂತು. "ಗುಡ್ಡಮ್ಮ, ಮುಗೀತಾ? ಬನ್ನಿ, ಟೀ ಕುಡಿಯೋಣ."

ಈ ಸಾಹೇಬರು ಮೈಸೂರ ಕಡೆಯವರು. ಬಂದು ಎರಡು ವರ್ಷವಾಗಿತ್ತು. ಹಿಂದಿನವರು ಅವಳನ್ನು 'ಏ' ಎಂದು ಕರೆಯುತ್ತಿದ್ದರು. ಅವಳ ಸ್ಟೀಲು ಲೋಟ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಇವರು ಬಂದ ಎರಡನೆಯ ದಿನ ಆ ಲೋಟ ನೋಡಿ, "ಇದೇನಮ್ಮ, ನನಗೆ ಇದೆಲ್ಲ ಇಲ್ಲ," ಎಂದು ತಮ್ಮ ಕಪ್ಪಿನ ಜೋಡಿಯ ಕಪ್ಪನ್ನೇ ಕೊಟ್ಟಿದ್ದರು. ಅಂದು ಅವಳು ತಟ್ಟೆಯ ಮೇಲೆ ಚಹಾ ಚೆಲ್ಲಿದ್ದಳು. ಆಮೇಲೆ ಕುರ್ಚಿಯೂ ಬಂತು. ಮಾತೂ ಬಂತು. ದಿನಾ ಹನ್ನೊಂದು ಗಂಟೆಗೆ ಅವರು ಗಲ್ಲಕ್ಕೆ ಕೈಕೊಟ್ಟು ಕೂತು ಕೇಳುತ್ತಿದ್ದರು. ನಿಮ್ಮ ಓಣಿ ಹೇಗಿದೆ, ಯಾರ ಮನೆಯಲ್ಲಿ ಬಾಣಂತನ, ಯಾರು ಗೋವೆಗೆ ಹೋದರು, ಯಾರು ಬಂದರು. ಅವಳ ಗಂಡ ನಿಂಗಪ್ಪ ಗೋವೆಯಲ್ಲಿ ಗಾರೆ ಕೆಲಸಕ್ಕೆ ಹೋಗಿ ಎಂಟು ವರ್ಷ. ಮಗಳು ಬನಶ್ರೀ ಅಸೂಟಿಯಲ್ಲಿ ಅತ್ತೆಯ ಮನೆಯಲ್ಲಿ. ನಲವತ್ತಾರು ವರ್ಷದ ಬದುಕಿನಲ್ಲಿ ಗುಡ್ಡವ್ವ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡವರು ಇವರೊಬ್ಬರೇ. ರಾತ್ರಿ ಮಲಗುವಾಗ ನಾಳೆ ಏನು ಹೇಳಲಿ ಎಂದು ಹುಡುಕಿಕೊಂಡು ಮಲಗುತ್ತಿದ್ದಳು.

ಅಂದು ಹೇಳಲು ಬಹಳವಿತ್ತು. ಆರು ವರ್ಷದ ಹಿಂದೆ ಹೊಳೆ ಊರೊಳಗೆ ಬಂದಾಗ ಹೊಳೆಮಣ್ಣೂರ ಕಡೆಯ ಮಂದಿಯನ್ನು ಎತ್ತರದ ಬಯಲಿಗೆ ತಂದು ತಗಡಿನ ಶೆಡ್ಡುಗಳಲ್ಲಿ ಇರಿಸಿದ್ದರು. ಮೊದಮೊದಲು ಎಲ್ಲರೂ ಒಂದೇ ಸಾಲು. ಆಮೇಲೆ ಮೇಲಿನ ಸಾಲಿನವರಿಗೆ ಜಾಗ ಸಿಕ್ಕಿತು, ಹಕ್ಕುಪತ್ರ ಸಿಕ್ಕಿತು, ಗೋಡೆ ಎದ್ದವು. ಹಳ್ಳದ ಕಡೆಯ ಇಪ್ಪತ್ತಾರು ಶೆಡ್ಡು ಉಳಿದವು. ಅದು ಗುಡ್ಡವ್ವನ ಕೇರಿ. ಜಾಗ ಸಾಲದು ಎಂದರು. ಮುಂದಿನ ವರ್ಷ ಎಂದರು. ಬೇಸಿಗೆಯಲ್ಲಿ ತಗಡು ಕಾದು ಕೂಸುಗಳ ಮೈಯೆಲ್ಲಾ ಬೊಬ್ಬೆ. ಮಳೆಗಾಲದಲ್ಲಿ ಹಳ್ಳದ ಹಾವು ಒಲೆಯೊಳಗೆ. ಕಡೆಗೆ ಹೆಂಗಸರು ತಹಸೀಲ್ದಾರರ ಕಚೇರಿಯ ಗೇಟಿನ ಮುಂದೆ ಹೋಗಿ ಕೂತರು. ಅಂದಿಗೆ ಮೂರು ದಿನ.

"ಕೇರ್ಯಾಗ ಬೆಕ್ಕ ಅಷ್ಟ ಉಳದಾವ್ರಿ ಸಾಹೇಬ್ರ," ಎಂದಳು ಗುಡ್ಡವ್ವ. "ಎಲ್ಲಾರೂ ಕಚೇರಿ ಮುಂದ."

ಸಾಹೇಬರು ನಕ್ಕರು. "ಪಾಪ, ಊಟಕ್ಕೇನು ಮಾಡ್ತಾರೆ?"

"ಊಟಕ್ಕೇನ್ರಿ? ಮನಿಮನಿಯಿಂದ ರೊಟ್ಟಿ ಕೂಡಸ್ತೀವಿ. ನಾ ಕೆಲಸ ಬಿಟ್ಟು ಕೂಡಾಕ ಆಗಂಗಿಲ್ಲಲ್ರಿ. ಮುಂಜಾನೆದ್ದು ರೊಟ್ಟಿ ಕೂಡಿಸಿ ಬುಟ್ಟಿ ತುಂಬಿ ಕೊಟ್ಟು ಬಸ್ ಹತ್ತತೀನಿ."

"ಓಹೋ. ಯಾರ್ಯಾರು ಕೊಡ್ತಾರೆ?"

ಅವಳ ಕೇರಿಯಲ್ಲಿ ಒಂದು ಪದ್ಧತಿ ಇದೆ. ಸಾವಿರಲಿ, ಮದುವೆಯಿರಲಿ, ಹತ್ತು ಮಂದಿಯ ಕೆಲಸವಿರಲಿ, ಮನೆಮನೆಯಿಂದ ಜೋಳದ ರೊಟ್ಟಿ ಕೂಡುತ್ತದೆ. ಕೂಡಿಸಿದವಳು ಕೇರಿಯ ಬಾಯಲ್ಲಿ ನಿಂತು ಯಾರ ಮನೆಯದು ಎಷ್ಟು ಎಂದು ಕೂಗಿ ಹೇಳಬೇಕು. ಕೊಟ್ಟಷ್ಟನ್ನೇ ಕೂಗುವುದಿಲ್ಲ. ಹೆಚ್ಚು ಮಾಡಿ ಕೂಗಬೇಕು. ಎರಡು ಕೊಟ್ಟವಳದು ಐದು, ಐದು ಕೊಟ್ಟವಳದು ಹನ್ನೊಂದು. ಹಿಟ್ಟು ಇಲ್ಲದವಳ ಕೈ ಮಂದಿಯ ಮುಂದೆ ಸಣ್ಣದಾಗಬಾರದು. ಎಲ್ಲರಿಗೂ ಗೊತ್ತು, ಯಾರೂ ಎಣಿಸುವುದಿಲ್ಲ.

ಗುಡ್ಡವ್ವ ಹಾಗೆಯೇ ಹೇಳಿದಳು. ಒಂದೊಂದೇ ಮನೆ ಹಿಡಿದು ಹೇಳಿದಳು. ರಾಜಮಾಳದು ಒಂಬತ್ತು. ಹನಮಪ್ಪಜ್ಜನ ಸೊಸೆಯದು ಏಳು. ಸಾವಕ್ಕನ ಹೆಸರಿಗೆ ಬಂದಾಗ ಒಂದು ಗಳಿಗೆ ನಿಂತಳು. ಪಕ್ಕದ ಶೆಡ್ಡಿನ ಸಾವಕ್ಕ ಐವತ್ತೆರಡರ ಹೆಂಗಸು. ಸಕ್ಕರೆ ಜಡ್ಡು. ಕಳೆ ತೆಗೆಯಲು ಹೋಗಿ ಬೆನ್ನು ಬಾಗಿದೆ. ಅಂದು ಬೆಳಿಗ್ಗೆ ಗಡಿಗೆ ಕೆರೆದು ಐದು ರೊಟ್ಟಿ ಬಡಿದಿದ್ದಳು. ತನಗೆಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಕೇರಿಯ ಬಾಯಲ್ಲಿ ಗುಡ್ಡವ್ವ ಹನ್ನೊಂದು ಎಂದು ಕೂಗಿದ್ದಳು. ಇಲ್ಲಿ, ಬಿಸಿ ಚಹಾದ ಕಪ್ಪು ಕೈಯಲ್ಲಿದ್ದಾಗ, ಇಷ್ಟು ದೊಡ್ಡ ಮನುಷ್ಯ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಾಗ, ಹನ್ನೊಂದು ಸಾಲದು ಅನ್ನಿಸಿತು.

"ಸಾವಕ್ಕಂದು ಇಪ್ಪತ್ತೊಂದ್ರಿ," ಎಂದಳು. "ಇಡೀ ಕೇರ್ಯಾಗ ಆಕಿ ಕೈಯಷ್ಟು ದೊಡ್ಡ ಕೈ ಯಾರ್ದೂ ಇಲ್ರಿ. ಬುಟ್ಟಿ ಹೊರಾಕಿನೂ ಆಕಿನ."

ಸಾಹೇಬರ ಕೈಯಲ್ಲಿ ಪೆನ್ಸಿಲು ಇತ್ತು. ಅದು ಯಾವಾಗಲೂ ಇರುತ್ತಿತ್ತು.

ಏಳನೆಯ ದಿನ ಕಚೇರಿಯ ಗೇಟಿನ ಮುಂದೆ ನೂಕಾಟವಾಯಿತು. ಕಲ್ಲು ಯಾರು ಒಗೆದರೋ ಗೊತ್ತಿಲ್ಲ. ಕಿಟಕಿಯ ಗಾಜು ಒಡೆಯಿತು. ಪೊಲೀಸರು ಆರು ಹೆಂಗಸರನ್ನು ಎಳೆದು ವ್ಯಾನಿಗೆ ಹಾಕಿದರು. ಸಂಜೆ ಐವರನ್ನು ಬಿಟ್ಟರು. ಸಾವಕ್ಕನನ್ನು ಬಿಡಲಿಲ್ಲ.

ಮರುದಿನ ಗುಡ್ಡವ್ವ ಚಹಾ ಇಟ್ಟು ಹೋಗದೆ ಬಾಗಿಲ ಹತ್ತಿರ ನಿಂತಳು.

"ಸಾಹೇಬ್ರ, ನಮ್ಮ ಸಾವಕ್ಕನ್ನ ಹಿಡಕೊಂಡು ಹೋಗ್ಯಾರ್ರಿ. ಏನೂ ಮಾಡಿಲ್ರಿ ಆಕಿ. ನೀವೊಂದು ಮಾತ ಹೇಳಿದ್ರ ಬಿಡ್ತಾರ್ರಿ."

"ನೋಡೋಣ ಗುಡ್ಡಮ್ಮ. ಕಾನೂನು ಅಂತ ಇರುತ್ತಲ್ಲ." ಅವರು ಮೇಜಿನ ಖಾನೆಯಿಂದ ಫೇಡೆಯ ಪೊಟ್ಟಣ ತೆಗೆದರು. "ತಗೊಳ್ಳಿ. ಮೇಲಿನವರು ನಮ್ಮ ಆಫೀಸನ್ನ ಮೆಚ್ಚಿ ಬರೆದಿದ್ದಾರೆ. ನಿಮ್ಮನ್ನ ಕಾಯಂ ಮಾಡೋ ವಿಷಯಾನೂ ಬರೆದಿದೀನಿ. ಓದು ಕಡಿಮೆ, ಆದರೂ ವಿಶೇಷ ಶಿಫಾರಸು ಅಂತ."

ಕಾಯಂ. ಆ ಮಾತು ಕಿವಿಗೆ ಬಿದ್ದದ್ದೇ ಅವಳು ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು. ಹೊರಗೆ ಬಂದು ಅಲ್ತಾಫನಿಗೆ ಹೇಳಿದಳು. ಅವನು ಜೀಪಿನ ಗಾಜು ಒರೆಸುತ್ತ ನಕ್ಕ.

"ನನಗೂ ಬರದಾರವ್ವಾ. ಐದು ಮಂದಿ ಸಾಹೇಬ್ರು ಬರದು ಹೋದ್ರು. ಹದಿನಾಕು ವರ್ಷ ಆತು. ಅದು ಯಾ ಟಪಾಲಿನ್ಯಾಗ ಸಿಕ್ಕೊಂಡೈತೋ."

ಅಂದು ಸಂಜೆ ಅವಳು ಬಸ್ಸಿಳಿದಾಗ ಸಾವಕ್ಕ ಶೆಡ್ಡಿನ ಮುಂದೆ ಕೂತಿದ್ದಳು. ಸಾಹೇಬರ ಒಂದು ಮಾತಿನಿಂದಲೇ ಬಿಟ್ಟಿದ್ದಾರೆ ಎಂದುಕೊಂಡಳು ಗುಡ್ಡವ್ವ. ಎದೆ ತುಂಬಿತು. ಪೊಟ್ಟಣ ಬಿಚ್ಚಿ ಒಂದು ಫೇಡೆ ತೆಗೆದು ಅವಳ ಎದುರು ಕುಕ್ಕುರುಗಾಲಲ್ಲಿ ಕೂತಳು.

"ಬಾಯಿ ತೆಗಿ."

"ಬ್ಯಾಡ. ಸಕ್ಕರಿ ಜಡ್ಡಿನಾಕಿಗೆ ಫೇಡೆ ತಿನಸಾಕ ಬಂದೀಯೇನು? ಪೊಲೀಸ್ರು ಉಳಿಸಿದ್ದನ್ನ ನೀ ಮುಗಸ್ತಿಯೇನು?" ಸಾವಕ್ಕ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಅವಳು ಉಟ್ಟಿದ್ದು ಅವಳ ಸೀರೆಯಾಗಿರಲಿಲ್ಲ. ರಾಜಮಾಳ ಹಸಿರು ಸೀರೆ.

"ನಿನ್ನ ಸೀರಿ?"

"ತೊಳದು ಹಾಕೀನಿ." ಸಾವಕ್ಕ ನೆಲ ನೋಡುತ್ತ ಹೇಳಿದಳು. ದನಿ ಸಣ್ಣದಾಗಿತ್ತು. "ಮುಂಜಾನಿಂದ ನಿಂದ್ರಿಸಿದ್ರು, ಗುಡ್ಡೀ. ಕುಂದ್ರಬ್ಯಾಡ ಅಂದ್ರು. ಒಮ್ಮಿ ಹೊರಗ ಹೋಗಿ ಬರ್ತೀನ್ರಿ ಅಂತ ಕೈ ಮುಗದ್ನಿ. ಅಲ್ಲೊಬ್ಬಾಕಿ ಹೆಣ್ಣ ಪೊಲೀಸ ಇದ್ಲು. ಆಕಿ ಮಾರಿ ತಿರುವಿದ್ಲು. ಮಧ್ಯಾಹ್ನ ಆತು. ನಿಂತಲ್ಲೇ ಆಗಿಹೋತು. ಆಮ್ಯಾಲ ಒಂದು ಅರಿವಿ ಒಗದು, ವರಸು ಅಂದ್ರು. ನಾನ ವರಸಿದ್ನಿ. ಎಲ್ಲಾರೂ ನೋಡಾಕತ್ತಿದ್ರು."

ಗುಡ್ಡವ್ವನ ಕೈಯಲ್ಲಿ ಫೇಡೆ ಹಾಗೆಯೇ ಇತ್ತು.

"ನನಗ ಏನಂತ ಕರೀತಿದ್ರು ಗೊತ್ತೈತೇನು? ಇಪ್ಪತ್ತೊಂದ ರೊಟ್ಟಿ. ಏ ಇಪ್ಪತ್ತೊಂದ ರೊಟ್ಟಿ, ನೆಟ್ಟಗ ನಿಂದ್ರು. ಏ ಇಪ್ಪತ್ತೊಂದ ರೊಟ್ಟಿ, ಯಾರ ಕಲಿಸಿದ್ರ ನಿನಗ ಲೀಡರಕಿ ಮಾಡಾಕ. ನನಗ ತಿಳೀಲೇ ಇಲ್ಲ. ನಾ ಕೊಟ್ಟದ್ದು ಐದು. ನೀನ ಎಣಿಸಿ ಬುಟ್ಟಿಗೆ ಹಾಕೀದಿ. ಕೇರ್ಯಾಗ ಹನ್ನೊಂದಂತ ಕೂಗಿದಿ, ಇರ್ಲಿ, ಎಲ್ಲಾರ್ದೂ ಹಂಗ ಕೂಗ್ತಿ. ಈ ಇಪ್ಪತ್ತೊಂದು ಎಲ್ಲಿಂದ ಬಂತವಾ?"

ಗುಡ್ಡವ್ವ ಎದ್ದಳು. ಒಲೆಯ ಮೇಲೆ ಎಸರು ಇಟ್ಟು ಬಂದಿದ್ದೇನೆ ಎಂದಳು. ಎಸರು ಇಟ್ಟಿರಲಿಲ್ಲ. ತನ್ನ ಶೆಡ್ಡಿನೊಳಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡಳು. ಆ ಅಂಕಿ ಈ ಲೋಕದಲ್ಲಿ ಇಬ್ಬರ ನಡುವೆ ಮಾತ್ರ ಇತ್ತು. ಒಬ್ಬಳು ತಾನು. ಇನ್ನೊಬ್ಬರು ಗಲ್ಲಕ್ಕೆ ಕೈಕೊಟ್ಟು ಕೇಳಿದವರು.

ಅವಳು ಅಳಲಿಲ್ಲ. ಎರಡು ವರ್ಷ ತಾನು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಯಾರ ಮಗ ಯಾವ ಸಂಘಕ್ಕೆ ಹೋದ ಎಂದಿದ್ದಳು. ಕೇರಿಯ ಹುಡುಗ ದುರ್ಗೇಶ ಭಾಷಣ ಮಾಡಿದ ಎಂದು ಹೆಮ್ಮೆಯಿಂದ ಹೇಳಿದ್ದಳು. ಒಂದು ತಿಂಗಳಲ್ಲಿ ದುರ್ಗೇಶನ ಗುತ್ತಿಗೆ ಕೆಲಸ ಹೋಗಿತ್ತು. ಅವನ ಹಣೆಬರಹ ಎಂದು ಅದನ್ನೂ ಹೋಗಿ ಸಾಹೇಬರಿಗೆ ಹೇಳಿದ್ದಳು. ಅವರು ನಾಲಿಗೆ ಲೊಚಗುಟ್ಟಿದ್ದರು. ತಾನು ಹೇಳುವುದು ಬರೀ ಮಾತು ಎಂದುಕೊಂಡಿದ್ದಳು. ಅವರು ಅದನ್ನು ಕೆಲಸವಾಗಿ ಮಾಡಿಸಿಕೊಂಡಿದ್ದರು. ನೆಲ ಒರೆಸುವುದು, ಬೂದಿ ಕಲಸುವುದು, ಪಾಯಖಾನೆ ತೊಳೆಯುವುದು, ಅದರ ಜೊತೆಗೆ ಇದೂ ಒಂದು. ಅವಳಿಗೆ ಹೇಳದೆ ಮಾಡಿಸಿಕೊಂಡ ಕೆಲಸ ಇದೊಂದೇ.

ಫೇಡೆಯ ಪೊಟ್ಟಣವನ್ನು ಅವಳು ಹಳ್ಳಕ್ಕೆ ಒಗೆದಳು.

ಭಾನುವಾರ ವಕೀಲೆ ಭಾರತಿ ಗಜೇಂದ್ರಗಡದಿಂದ ಸ್ಕೂಟಿಯ ಮೇಲೆ ಬಂದಳು. ಕೇರಿಯವರು ಬೇವಿನ ಮರದ ಕೆಳಗೆ ಕೂಡಿದರು. ಭಾರತಿ ಸಾವಕ್ಕನ ಮೇಲೆ ಹಾಕಿದ ಕೇಸಿನ ಕಾಗದ ತೆಗೆದು ಓದಿದಳು.

"'ಸದರಿ ಸಾವಕ್ಕ ಎಂಬಾಕೆಯು ಇಪ್ಪತ್ತೊಂದು ರೊಟ್ಟಿಗಳನ್ನು ಒದಗಿಸಿ, ಗುಂಪಿಗೆ ಎಲ್ಲರಿಗಿಂತ ಹೆಚ್ಚಿನ ನೆರವು ನೀಡಿದ್ದು, ಸದರಿ ಗುಂಪಿನ ನಾಯಕಿಯಾಗಿರುವುದು ವಿಶ್ವಾಸಾರ್ಹ ಮೂಲದಿಂದ ತಿಳಿದುಬಂದಿರುತ್ತದೆ.'"

ಹನಮಪ್ಪಜ್ಜ ಬೀಡಿ ಆರಿಸಿದ. "ಎಲಾ ಇವ್ರ. ಇಪ್ಪತ್ತೊಂದ್ ರೊಟ್ಟಿಗೆ ಕೇಸ ಆದ್ರ, ಗೌಡ್ರ ಮನಿ ಮದವ್ಯಾಗ ಸಾವಿರ ರೊಟ್ಟಿ ಬಡದ್ರು. ಅವ್ರಿಗೆ ಗಲ್ಲು ಆಗಬೇಕಿತ್ತಲಾ."

ಒಂದಿಬ್ಬರು ನಕ್ಕರು. ಭಾರತಿ ನಗಲಿಲ್ಲ. "ಅಜ್ಜಾ, ನಗೂದಲ್ಲ. ನೀವು ಕುಂತದ್ದಕ್ಕ ಜಾಗದ ಪಟ್ಟಿ ತಯಾರ್ ಮಾಡಾಕ ಒಪ್ಪ್ಯಾರ. ತಿಂಗಳ ಕಡೀಗೆ ಪಟ್ಟಿ ಮುಚ್ಚತೈತಿ. ಕೇಸ್ ಇದ್ದವ್ರ ಹೆಸರು ಅದರಾಗ ಇರಂಗಿಲ್ಲ. ಬರೂ ಮಂಗಳವಾರ ಕೋರ್ಟಿನ್ಯಾಗ ತಾರೀಖು ಐತಿ. ಅವತ್ತ ಇದು ಬಿದ್ದು ಹೋಗ್ಲಿಲ್ಲಂದ್ರ ನಿಮಗೆಲ್ಲಾ ಜಾಗ ಬರತೈತಿ, ಸಾವಕ್ಕನ್ನ ಬಿಟ್ಟು."

"ಬೀಳೂದು ಹ್ಯಾಂಗ?" ರಾಜಮಾ ಕೇಳಿದಳು.

"ಇದರಾಗ ಗಟ್ಟಿ ಏನೂ ಇಲ್ಲ. ಕಲ್ಲು ಒಗದ್ಲಂತ ಯಾರೂ ಹೇಳಿಲ್ಲ. ಇರೂದು ಈ ರೊಟ್ಟಿ ಮಾತೊಂದ. ಇದನ್ನ ಹೇಳಿದವ್ರು ಬಂದು, ನಾ ಹೆಚ್ಚಿಗಿ ಮಾಡಿ ಹೇಳಿದ್ದೆ, ಖರೇ ಅಲ್ಲ, ಅಂತ ಅಂದ್ರ ಆತು. ಆದ್ರ ಅವ್ರು ಯಾಕ ಬರ್ತಾರ. ಬಂದ್ರ ಅವ್ರ ಕುತ್ತಿಗಿಗೇ ಬರತೈತಿ."

"ಅವನ ಬಾಯಾಗ ಹುಳಾ ಬೀಳಲಿ," ಎಂದಳು ರಾಜಮಾ. "ನಮ್ಮ ನಡುವ ಕುಂತು ನಮ್ಮ ರೊಟ್ಟಿ ತಿಂದು ಹೇಳ್ಯಾನಲ್ಲ, ಅವನ ವಂಶ ಮಣ್ಣಾಗಲಿ."

"ಅವ ಅಲ್ಲ," ಎಂದಳು ಸಾವಕ್ಕ. "ಹೇಳಿದಾಕಿ ಹೆಣ್ಣ ಇರಬೇಕು."

"ಯಾಕ?"

"ಯಾರ್ ಮನ್ಯಾಗ ಎಷ್ಟು ರೊಟ್ಟಿ ಆದೂವಂತ ಗಂಡಸ್ರಿಗೆ ಗೊತ್ತಿರತೈತೇನು?"

ಗುಡ್ಡವ್ವ ಸಾವಕ್ಕನ ಮುಖ ನೋಡಿದಳು. ಸಾವಕ್ಕ ಅವಳ ಕಡೆ ನೋಡುತ್ತಿರಲಿಲ್ಲ. ಬೇರೆ ಯಾರ ಕಡೆಗೂ ನೋಡುತ್ತಿರಲಿಲ್ಲ. ಊದಿದ ಪಾದಗಳನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತಿದ್ದಳು.

ಸೋಮವಾರ ಮುಂಜಾನೆ ಗುಡ್ಡವ್ವ ಕಸಬರಿಗೆ ಹಿಡಿದುಕೊಂಡೇ ಸುಧಾರಾಣಿಯ ಕೋಣೆಗೆ ಹೋದಳು. ಸಾಹೇಬರು ಇನ್ನೂ ಬಂದಿರಲಿಲ್ಲ. ಹುಡುಗಿ ಕಂಪ್ಯೂಟರು ಹಚ್ಚುತ್ತಿದ್ದಳು.

"ಸುಧವ್ವಾ, ರೊಟ್ಟಿ ಸುದ್ದಿ ನೀ ಬರದೀಯೇನು?"

ಸುಧಾರಾಣಿಯ ಕೈ ನಿಂತಿತು. ಎದ್ದು ಬಾಗಿಲ ಹೊರಗೆ ನೋಡಿ ಬಂದಳು. "ಅಕ್ಕಾ, ಮೆಲ್ಲಕ."

"ಬರದೀಯೋ ಇಲ್ಲೋ?"

"ಅವ್ರು ಹೇಳ್ತಾರ, ನಾ ಬಡೀತೀನಿ. ಬಡದ ಮ್ಯಾಲ ಮರೀತೀನಿ. ನಮ್ಮವ್ವ ಮಗ್ಗದ ಮುಂದ ಕುಂತು ಸೀರಿ ನೇಯ್ತಾಳ. ಆ ಸೀರಿ ಯಾರ್ ಉಡ್ತಾರಂತ ಕೇಳ್ತಾಳೇನು?"

"ನಿಮ್ಮವ್ವ ನೇಯ್ದ ಸೀರಿಂದ ಯಾರೂ ಜೈಲಿಗೆ ಹೋಗಂಗಿಲ್ಲ."

ಹುಡುಗಿ ಮುಖ ಕೆಳಗೆ ಹಾಕಿದಳು. ಅವಳ ಕಿವಿ ಕೆಂಪಾಯಿತು. "ದಿನಾ ನೀವು ಹೋದ ಮ್ಯಾಲ ಹನ್ನೆರಡಕ್ಕ ಕರೀತಾರ," ಎಂದಳು. "ನೀವು ಹೇಳಿದ್ದು ಒಂದೂ ಬಿಡಂಗಿಲ್ಲ. ನಿಮ್ಮ ಮಗಳು ಬಸರಾದದ್ದನ್ನೂ ಬರಸ್ಯಾರ. ಅದು ಯಾತಕ ಬೇಕಿತ್ತೋ."

"ನನ್ನ ಹೆಸರು ಹಾಕ್ಯಾರೇನು?"

"ಇಲ್ಲಕ್ಕ. ಹೆದರಬ್ಯಾಡ್ರಿ. ನಿಮ್ಮ ಹೆಸರು ಎಲ್ಲೂ ಇಲ್ಲ. ವಿಶ್ವಾಸಾರ್ಹ ಮೂಲ ಅಂತ ಹಾಕ್ತೀವಿ. ನಂಬಿಕಿ ಮನಷ್ಯಾರು ಅಂತ ಅದರ ಅರ್ಥ."

ಎಲ್ಲೂ ಇಲ್ಲ. ಹನ್ನೊಂದು ವರ್ಷ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಕೇಳಿದರೆ ತೋರಿಸಲು ಒಂದು ಚೀಟಿ ಇಲ್ಲ. ಗುಂಡಿಯ ಮೇಲೆ ಬಗ್ಗುವಾಗ ಜಾರಿ ಸೊಂಟ ಮುರಿದುಕೊಂಡಿದ್ದ ವರ್ಷ ದವಾಖಾನೆಯ ಕಾಗದದಲ್ಲಿ ಕೂಲಿ ಎಂದು ಬರೆಸಿ ಎಂದಿದ್ದರು. ಈಗ ಅವಳ ಬಾಯಿಂದ ಬಂದ ಮಾತಿನ ಮೇಲೂ ಅವಳ ಹೆಸರಿಲ್ಲ. ಬಾಯಿ ಬೇಕಿತ್ತು, ಕೈ ಬೇಕಿತ್ತು, ಹೆಸರು ಬೇಕಿರಲಿಲ್ಲ. ಮೊದಲ ಬಾರಿಗೆ ಅವಳಿಗೆ ಸಿಟ್ಟು ಬಂತು. ಸಾಹೇಬರು ಮೋಸ ಮಾಡಿದರೆಂದಲ್ಲ. ಅವರ ಕೆಲಸ ಅವರು ಮಾಡಿದ್ದರು. ಅದನ್ನು ಒಂದು ಕಪ್ಪು ಚಹಾದಲ್ಲಿ ಮುಗಿಸಿದ್ದರಲ್ಲ, ಅದಕ್ಕೆ. ತಾನು ಅಷ್ಟಕ್ಕೇ ಸಿಕ್ಕಿಬಿಟ್ಟೆನಲ್ಲ, ಅದಕ್ಕೆ.

ಕಸಬರಿಗೆ ಗೋಡೆಗೆ ಆನಿಸಿಟ್ಟಳು. ಅವಳಿಗೆ ಒತ್ತಿ ಬಂದಿತ್ತು. ಬಸ್ಸಿನಲ್ಲಿದ್ದಾಗಲೇ ಬಂದಿತ್ತು. ಈ ಆಫೀಸಿನಲ್ಲಿ ಎರಡು ಪಾಯಖಾನೆ ಇವೆ. ಎರಡನ್ನೂ ದಿನಕ್ಕೆ ಎರಡು ಸಲ ಅವಳು ಬ್ರಷ್ಷಿನಿಂದ ತಿಕ್ಕುತ್ತಾಳೆ. ಒಂದನ್ನೂ ಒಂದು ದಿನವೂ ಬಳಸಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಯಾರೂ ಹೋಗು ಎಂದಿರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನತನಕ ಹೊಟ್ಟೆ ಬಿಗಿಹಿಡಿದು ನಡೆಯುವುದು ಅವಳಿಗೆ ರೂಢಿಯಾಗಿತ್ತು. ಎರಡು ವರ್ಷ ದಿನಾ ಎಲ್ಲವನ್ನೂ ಕೇಳಿದ ಸಾಹೇಬರು ಇದೊಂದನ್ನು ಕೇಳಿರಲಿಲ್ಲ. ನಿಂತಲ್ಲೇ ಆಗಿಹೋತು ಎಂದ ಸಾವಕ್ಕನ ದನಿ ಕಿವಿಯಲ್ಲಿತ್ತು.

ಸಾಹೇಬರ ಕೋಣೆಗೆ ಹೊಂದಿಕೊಂಡ ಪಾಯಖಾನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು. ಕೂತಳು. ಅವಸರ ಮಾಡಲಿಲ್ಲ.

ಹೊರಗೆ ಬೂಟಿನ ಸಪ್ಪಳ ಬಂತು. ಬಾಗಿಲು ಅಲುಗಿತು.

"ಯಾರದು ಒಳಗೆ?"

"ನಾನ್ರಿ."

"ತೊಳೀತಿದೀರಾ?"

"ಇಲ್ರಿ," ಎಂದಳು ಗುಡ್ಡವ್ವ. "ಕುಂತೀನ್ರಿ."

ಬೂಟು ಕಿಟಕಿಯತ್ತ ಹೋದವು. ಅವಳು ನೀರು ಹಾಕಿ, ಕೈ ತೊಳೆದು, ಅವರ ಸಾಬೂನಿನಿಂದಲೇ ತೊಳೆದು, ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು. ಸಾಹೇಬರು ಮೊಬೈಲು ನೋಡುತ್ತಿದ್ದರು. ತಲೆ ಎತ್ತಲಿಲ್ಲ. ಅವರ ಮುಖ ಮೊದಲಿನ ಸಾಹೇಬರುಗಳ ಮುಖದ ಹಾಗೆ ಆಗಿತ್ತು. ಆದರೆ ಹನ್ನೊಂದು ಗಂಟೆಗೆ ಮತ್ತೆ ದನಿ ಬಂತು. "ಗುಡ್ಡಮ್ಮ, ಟೀ."

ಕುರ್ಚಿ ಎಳೆದಿಟ್ಟಿದ್ದರು. ಅವಳು ಕೂಡಲಿಲ್ಲ. ಚಹಾ ಮೇಜಿನ ಮೇಲಿಟ್ಟು ನಿಂತಳು.

"ಏನಂತಾರೆ ನಿಮ್ಮ ಓಣಿಯವರು? ನಾಳೆ ಕೋರ್ಟಿಗೆ ತುಂಬಾ ಜನ ಬರ್ತಾರಾ?"

"ಗೊತ್ತಿಲ್ರಿ."

"ಆ ವಕೀಲೆ ಬಂದಿದ್ರಂತಲ್ಲ ನಿನ್ನೆ. ಏನು ಹೇಳಿದ್ರು?"

"ನಾ ರೊಟ್ಟಿ ಬಡ್ಯಾಕತ್ತಿದ್ನಿರಿ. ಕೇಳಲಿಲ್ಲ."

ಸಾಹೇಬರು ಪೆನ್ಸಿಲು ತಿರುಗಿಸಿದರು. "ಬೇಜಾರಲ್ಲಿದೀರಿ. ನಿಮ್ಮ ಗೆಳತಿ ವಿಷಯ ತಾನೇ? ನೋಡಿ, ನೀವು ಆ ಕಡೆಯವರಲ್ಲ ಗುಡ್ಡಮ್ಮ. ನೀವು ನಮ್ಮವರು. ನಿಮ್ಮ ಕಾಯಂ ಕಾಗದ ಇನ್ನೇನು ಬರುತ್ತೆ. ಅದಾದ ಮೇಲೆ ನಿಮ್ಮನ್ನ ಯಾರು ಏನು ಕೇಳ್ತಾರೆ?"

ಅವಳ ಗಂಟಲಿಗೆ ಮಾತು ಬಂತು. ಎರಡು ವರ್ಷದ ರೂಢಿ. ಈ ಹೊತ್ತಿಗೆ, ಈ ಮನುಷ್ಯನ ಮುಂದೆ, ಮಾತು ತಾನಾಗಿಯೇ ಏಳುತ್ತದೆ. ಐದು ರೊಟ್ಟಿಯ ಮಾತು, ಹಸಿರು ಸೀರೆಯ ಮಾತು, ಬೇವಿನ ಮರದ ಕೆಳಗಿನ ಬೈಗುಳ, ಎಲ್ಲ ಒಟ್ಟಿಗೆ ಎದ್ದವು. ಅವರಿಗೇ ಹೇಳಿ ಅತ್ತುಬಿಡಬೇಕು ಅನ್ನಿಸಿತು. ಬೇರೆ ಯಾರಿಗೆ ಹೇಳಬೇಕು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ನುಂಗಿದಳು. ಎರಡನೆಯ ಸಲ ನುಂಗಿದಳು.

"ನಾಳೆ ಬರಂಗಿಲ್ರಿ," ಎಂದಳು.

"ಯಾಕೆ?"

"ಕೆಲಸ ಐತ್ರಿ."

"ಏನು ಕೆಲಸ?"

"ನಂದ್ರಿ."

ಸಾಹೇಬರು ಅವಳನ್ನು ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ನಿಜವಾಗಿ ನೋಡಿದಂತಿತ್ತು. ಆಮೇಲೆ ಕಾಗದದ ಮೂಲೆಯಲ್ಲಿ ಪೆನ್ಸಿಲಿನಿಂದ ಏನೋ ಗೀಚಿದರು. ಅವಳು ಕಪ್ಪು ಎತ್ತಿಕೊಂಡು ಹೊರಗೆ ಬಂದಳು.

ಸಂಜೆ ಮೆಟ್ಟಿಲಿಳಿಯುವಾಗ ಎಲ್ಲ ಗಟ್ಟಿಯಾಗಿತ್ತು. ನಾಳೆ ಕೋರ್ಟಿನಲ್ಲಿ ನಿಲ್ಲುತ್ತೇನೆ. ಹೆಸರು ಕೇಳುತ್ತಾರೆ, ಹೇಳುತ್ತೇನೆ. ಅಪ್ಪನ ಹೆಸರು, ಗಂಡನ ಹೆಸರು, ಕೇರಿಯ ಹೆಸರು. ಎಲ್ಲಿ ಕೆಲಸ ಎನ್ನುತ್ತಾರೆ, ಅದನ್ನೂ ಹೇಳುತ್ತೇನೆ. ಸಾವಕ್ಕ ಕೊಟ್ಟದ್ದು ಐದು, ಇಪ್ಪತ್ತೊಂದು ನನ್ನ ಬಾಯಿ ಎನ್ನುತ್ತೇನೆ. ಸಹಿ ಮಾಡಿದ ಕಾಗದ ತೆಗೆಯುತ್ತಾರೆ. ತೆಗೆಯಲಿ. ಹನ್ನೊಂದು ವರ್ಷದಲ್ಲಿ ಅವಳ ಹೆಸರಿದ್ದ ಕಾಗದ ಅದೊಂದೇ. ಕೆಲಸ ಹೋಗುತ್ತದೆ. ರಾಜಮಾ ಉಗುಳುತ್ತಾಳೆ, ಉಗುಳಲೇಬೇಕು. ಸಾವಕ್ಕ ಏನು ಮಾಡುತ್ತಾಳೋ. ಅದೊಂದನ್ನು ಮಾತ್ರ ಅವಳಿಗೆ ನೆನೆಯಲಾಗಲಿಲ್ಲ. ಮೊದಲೇ ಹೋಗಿ ಸಾವಕ್ಕನಿಗೆ ಹೇಳಿದರೆ, ಬ್ಯಾಡ ಬಿಡು ಗುಡ್ಡೀ, ನಿನ್ನ ಹೊಟ್ಟೆಯ ಮೇಲೆ ಯಾಕೆ ಹೊಡಕೊಂತಿ ಅಂದುಬಿಡಬಹುದು. ಅನ್ನದಿರಲೂಬಹುದು. ಎರಡನ್ನೂ ತಡೆಯುವ ಶಕ್ತಿ ತನಗಿಲ್ಲ. ಭಾರತಿಗೆ ಹೇಳಿದರೆ ಕೇರಿಗೆ ಗೊತ್ತಾಗುತ್ತದೆ. ನಿಂಗಪ್ಪನಿಗೆ ಹೇಳಿದರೆ ಅವನು ಫೋನಿನಲ್ಲೇ ಬೈದು ಬಾಯಿ ಮುಚ್ಚಿಸುತ್ತಾನೆ.

ಕೆಳಗೆ ಜೀಪಿನ ಹತ್ತಿರ ಅಲ್ತಾಫ ನಿಂತಿದ್ದ. "ಏನವ್ವಾ, ಮಾರಿ ಹಿಂಗ್ಯಾಕ? ಕಾಯಂ ಕಾಗದ ಬಂತೇನು?"

"ಬಸ್ ಹೊಕ್ಕೈತಪ್ಪಾ," ಎಂದು ಅವಳು ನಡೆದಳು.

ಬಸ್ಸು ತುಂಬಿತ್ತು. ಸಂತೆಯ ಚೀಲಗಳ ನಡುವೆ ಕಂಬಿ ಹಿಡಿದು ನಿಂತಳು. ಊರಿನ ಕಡೆಯ ಇಬ್ಬರು ಹೆಂಗಸರು ಜಾಗದ ಪಟ್ಟಿಯ ಮಾತಾಡುತ್ತಿದ್ದರು. ಒಬ್ಬಳು ಅವಳ ಸೆರಗು ಜಗ್ಗಿ, "ಏನ್ ಸುದ್ದಿ ಗುಡ್ಡವ್ವಾ?" ಎಂದಳು. ಗುಡ್ಡವ್ವ ತಲೆ ಅಲ್ಲಾಡಿಸಿದಳು. ಕಂಡಕ್ಟರ ನುಗ್ಗಿಕೊಂಡು ಬಂದು ಆಧಾರ ಕಾರ್ಡು ನೋಡಿ ಎಲ್ಲಿಗೆ ಎಂದು ಕೇಳಿದ.

ಊರಿನ ಹೆಸರು ಹೇಳಿದಳು. ಅಷ್ಟೇ ಹೇಳಿದಳು.